ನೀಟಪ್ಪ ತಿದ್ದಿದ ಗುಲಗಂಜಿ ಹುಳು

ನೀಟಪ್ಪನ ಕೈಗೆ ಸಿಕ್ಕಿದ ಮುಖದಲ್ಲಿ ಕಲೆ ಉಳಿದದ್ದು ಆ ಬೀದಿಯ ಚರಿತ್ರೆಯಲ್ಲೇ ಇಲ್ಲ. ಮೊಡವೆಯಾಗಲಿ, ಮಚ್ಚೆಯಾಗಲಿ, ಚಿಕ್ಕಂದಿನಲ್ಲಿ ಬಿದ್ದು ಹುಬ್ಬಿನ ಮೇಲೆ ಉಳಿದ ಗೀರಾಗಲಿ, ಅವನ ಫೋಟೋ ಸ್ಟುಡಿಯೋದ ಒಳಗೆ ಹೋದದ್ದು ಹೊರಗೆ ಬರುತ್ತಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಬಂದ ಗಿರಾಕಿಗಳಿಗೆಲ್ಲ "ಕೂತ್ಕೊಳ್ಳಿ, ನೀಟಾಗಿ ಮಾಡ್ಕೊಡ್ತೀನಿ" ಎಂದು ಹೇಳಿ ಹೇಳಿ, ಆ ಹೆಸರು ಅಳಿಸಿಹೋಗಿ ನೀಟಪ್ಪ ಎಂಬುದೇ ನಿಂತುಬಿಟ್ಟಿತು. ಹಾಗೆ ನೋಡಿದರೆ ಅವನು ಮೊದಲು ಒರೆಸಿಹಾಕಿದ್ದು ತನ್ನ ಹೆಸರನ್ನೇ.

ಗುರುತಿನ ಚೀಟಿಗೆ ಬೇಕಾದ ಫೋಟೋ ತೆಗೆಯುವುದು ಅವನ ಕಸುಬು. ಆ ಫೋಟೋದಲ್ಲಿ ಗುರುತೇ ಸಿಗದಂತೆ ಮಾಡುವುದು ಅವನ ಕೈಚಳಕ. ಗಿರಾಕಿ ಎದ್ದು ಶರ್ಟಿನ ಕಾಲರು ಸರಿಮಾಡಿಕೊಳ್ಳುವಷ್ಟರಲ್ಲಿ ನೀಟಪ್ಪನ ಬಲಗೈ ಕಂಪ್ಯೂಟರಿನ ಮೌಸ್ ಹಿಡಿದು ಅವನ ಮುಖವನ್ನು ಹೊಸ ಬಟ್ಟಲಿನಂತೆ ತೊಳೆದಿಟ್ಟಿರುತ್ತಿತ್ತು. ಇದಕ್ಕೆ ಯೋಚನೆಯ ಅಗತ್ಯವಿರಲಿಲ್ಲ. ಕೈ ತಾನೇ ಮಾಡುತ್ತಿತ್ತು, ನೀಟಪ್ಪ ಪಕ್ಕದಲ್ಲಿ ಕೂತಿರುತ್ತಿದ್ದ ಅಷ್ಟೆ. ಅಸಲು ಫೋಟೋವನ್ನು ಅವನು ಇಟ್ಟುಕೊಳ್ಳುತ್ತಲೂ ಇರಲಿಲ್ಲ. ಕಲೆ ಇರುವ ಮುಖ ಯಾರಿಗೆ ಬೇಕು?

ಒಬ್ಬಳಿಗೆ ಬೇಕಿತ್ತು. ಅವನ ಹೆಂಡತಿಯ ಎಡಗೆನ್ನೆಯ ಮೇಲೆ ಮೆಣಸಿನ ಕಾಳಿನಷ್ಟು ದೊಡ್ಡ ಮಚ್ಚೆಯಿದೆ. ಮದುವೆಯಾದ ಹೊಸತರಲ್ಲಿ ಅವಳನ್ನು ಸ್ಟುಡಿಯೋದಲ್ಲಿ ಕೂರಿಸಿ ತೆಗೆದ ಫೋಟೋ ನಡುಮನೆಯ ಗೋಡೆಯ ಮೇಲಿದೆ. ಅದರಲ್ಲಿ ಮಚ್ಚೆ ಇಲ್ಲ. ನೀಟಪ್ಪ ಅದನ್ನು ಪ್ರೀತಿಯಿಂದಲೇ ಒರೆಸಿದ್ದ. ಅದೇ ಫೋಟೋದ ಚಿಕ್ಕ ಪ್ರತಿ ಹಿಡಿದುಕೊಂಡು ಅವಳು ಗುರುತಿನ ಚೀಟಿ ಮಾಡಿಸಲು ಹೋದಾಗ ಕೌಂಟರಿನ ಗುಮಾಸ್ತ ಒಮ್ಮೆ ಫೋಟೋ ನೋಡಿ, ಒಮ್ಮೆ ಅವಳನ್ನು ನೋಡಿ, "ತಂಗಿ ಫೋಟೋ ತಂದಿದ್ದೀರಲ್ಲಮ್ಮ, ನಿಮ್ಮದು ತನ್ನಿ" ಎಂದು ವಾಪಸು ಕಳಿಸಿದ. ಅವತ್ತಿನಿಂದ ಅವಳು ಗೋಡೆಯ ಮೇಲಿನವಳನ್ನು "ನಿಮ್ಮ ಮೊದಲನೇ ಹೆಂಡ್ತಿ" ಎಂದೇ ಕರೆಯುತ್ತಾಳೆ.

"ರೀ, ಫ್ಯಾನು ಆರಿಸಿ ಹೋಗಿ. ನಿಮ್ಮ ಮೊದಲನೇ ಹೆಂಡ್ತಿಗೆ ಶೀತ ಆದೀತು" ಎನ್ನುತ್ತಾಳೆ. ಹೀಗೆ ಎಷ್ಟೋ ವರ್ಷಗಳಿಂದ ಆ ಚಿಕ್ಕ ಮನೆಯಲ್ಲಿ ಮೂವರ ಸಂಸಾರ ನಡೆದುಕೊಂಡು ಬಂದಿತ್ತು.

ಅವರಿದ್ದ ಕಟ್ಟಡದ ತಾರಸಿಯ ಮೇಲೆ ಹೆಂಡತಿ ಒಂದು ಅಲಸಂದೆ ಚಪ್ಪರ ಹಾಕಿದ್ದಳು. ಒಡೆದ ಬಕೆಟ್ಟು, ಹಳೆಯ ಸಿಂಕು, ಯಾರೋ ಬಿಸಾಡಿದ ಟಬ್ಬು, ಎಲ್ಲದರಲ್ಲೂ ಮಣ್ಣು ತುಂಬಿ ಬಳ್ಳಿ ಹಬ್ಬಿಸಿ, ಬಟ್ಟೆ ಒಣಗಿಸುವ ತಂತಿಗೆ ಏರಿಸಿದ್ದಳು. ಆ ಸಲ ಬಳ್ಳಿ ಹೂಬಿಡುವ ಹೊತ್ತಿಗೆ ಸರಿಯಾಗಿ ಗಿಡಹೇನು ಬಿತ್ತು. ಎಳೆಯ ಕುಡಿಗಳ ಮೇಲೆಲ್ಲ ಎಳ್ಳು ಚೆಲ್ಲಿದಂತೆ ಕರಿಹೇನು ಕೂತು ರಸ ಹೀರತೊಡಗಿದವು. ಅವುಗಳ ಅಂಟು ಸಿಹಿಗೆ ಇರುವೆಗಳು ಸಾಲುಗಟ್ಟಿದವು. ಇದು ಸಾಲದೆಂಬಂತೆ ಎಲೆಗಳ ಮೇಲೆ ಕಪ್ಪಗೆ, ಮುಳ್ಳುಮುಳ್ಳಾಗಿ, ಅಕ್ಕಿಕಾಳಿನುದ್ದದ ಮೊಸಳೆಗಳಂಥ ಹುಳುಗಳು ಓಡಾಡತೊಡಗಿದವು. ಅವುಗಳ ಜೊತೆಗೆ ಅಲ್ಲೊಂದು ಇಲ್ಲೊಂದು ಗುಂಡಗಿನ ಗುಲಗಂಜಿ ಹುಳು ಕೂಡ ಇತ್ತು. ಕಿತ್ತಳೆ ಬಣ್ಣದ ಬೆನ್ನು, ಅದರ ಮೇಲೆ ಅಂಕುಡೊಂಕಾದ ಕಪ್ಪು ಗೆರೆ, ಹಿಂದಕ್ಕೆ ಚುಕ್ಕೆ.

ಕಟ್ಟಡದ ಸಂಘದ ಕಾರ್ಯದರ್ಶಿಗಳು ತಾರಸಿಗೆ ಬಂದರು. ಅವರು ಎಲ್ಲಿಗೆ ಬಂದರೂ ಒಂದು ಸೂಚನಾಪತ್ರ ಅಂಟಿಸದೆ ಹಿಂದಿರುಗುವವರಲ್ಲ. ಮೊಸಳೆಗಳನ್ನು ನೋಡಿ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ಇದು ಹೀಗೇ ಬಿಟ್ರೆ ನಾಳೆ ನೀರಿನ ಟ್ಯಾಂಕಿಗೆ ಇಳಿಯುತ್ತೆ, ನಾಡಿದ್ದು ಮನೆ ಮನೆಗೆ ಬರುತ್ತೆ. ಭಾನುವಾರ ಔಷಧಿ ಹೊಡಿಸ್ತೀನಮ್ಮ. ಬಳ್ಳಿ ಹೋದ್ರೂ ಪರವಾಗಿಲ್ಲ, ಹುಳ ಉಳೀಬಾರ್ದು."

ಅವರು ಇಳಿದುಹೋದ ಮೇಲೆ ಹೆಂಡತಿ ನೀಟಪ್ಪನನ್ನು ಕರೆದಳು. ಅವಳ ಕಣ್ಣು ತುಂಬಿತ್ತು. "ಇದರಲ್ಲಿ ಕಳ್ಳ ಯಾರು, ಪೊಲೀಸು ಯಾರು ಅಂತ್ಲೇ ನಂಗೆ ಗೊತ್ತಾಗ್ತಿಲ್ಲ ರೀ. ಈ ಗುಂಡು ಹುಳ ಹೇನು ತಿಂತಾ ಇತ್ತು ಅಂತ ಒಂದ್ಸಲ ಅನಿಸ್ತು. ಕೃಷಿ ಕೇಂದ್ರದಲ್ಲಿ ಹುಳದ ಮೇಡಂ ಇದ್ದಾರಂತಲ್ಲ, ಅವರಿಗೆ ಒಂದು ಫೋಟೋ ಕಳಿಸಿ ಕೇಳೋಣ. ಭಾನುವಾರದೊಳಗೆ ಗೊತ್ತಾಗ್ಬೇಕು. ಇಷ್ಟು ಫೋಟೋ ತೆಗೀತೀರ, ನನಗೊಂದು ಸರಿಯಾಗಿ ತೆಕ್ಕೊಡಿ."

ಈ ಕೊನೆಯ ಮಾತು ನೀಟಪ್ಪನ ಕಸುಬಿನ ಅಭಿಮಾನಕ್ಕೆ ತಾಗಿತು. ಒಂದು ಗುಲಗಂಜಿ ಹುಳುವನ್ನು ಎಲೆಯ ಸಮೇತ ಕಿತ್ತು, ಗ್ಲಾಸಿನಲ್ಲಿ ಮುಚ್ಚಿಕೊಂಡು ಸ್ಟುಡಿಯೋಗೆ ಒಯ್ದ. ಬಿಳಿ ಪರದೆ, ಎರಡು ದೀಪ, ಎಲ್ಲವೂ ಸಿದ್ಧ. "ಮುಖ ನೇರ ಇಟ್ಕೊಳಪ್ಪ. ಗಲ್ಲ ಸ್ವಲ್ಪ ಕೆಳಗೆ" ಎಂದು ಅಭ್ಯಾಸಬಲದಿಂದ ಹೇಳಿದ. ಹುಳು ಕಾಲುಗಳನ್ನೆಲ್ಲ ಮಡಚಿ ಸತ್ತಂತೆ ಉರುಳಿಬಿಟ್ಟಿತು. ನೀಟಪ್ಪ ಕ್ಯಾಮೆರಾ ಬಿಟ್ಟು ಓಡಿಬಂದ. ಬೆರಳಿಂದ ಮೆಲ್ಲಗೆ ತಿರುಗಿಸಿದರೆ ಅದರ ಮೊಣಕಾಲಿನಿಂದ ಹಳದಿ ಹನಿಯೊಂದು ಒಸರಿ ಬೆರಳಿಗೆ ಮೆತ್ತಿಕೊಂಡಿತು. ಮೂಸಿದ. ನಾಲಿಗೆಗೂ ತಾಗಿಸಿ ನೋಡಿದ. ಅಂಥ ಕಹಿಯನ್ನು ಅವನು ಯಾವ ಕಷಾಯದಲ್ಲೂ ಕಂಡಿರಲಿಲ್ಲ. ಅವನು ಉಗುಳಲು ಹೊರಗೋಡಿ ಬರುವಷ್ಟರಲ್ಲಿ ಸತ್ತ ಹುಳು ಎದ್ದು, ಪರದೆಯ ನಟ್ಟನಡುವೆ ನಿಂತು, ಮೀಸೆ ಒರೆಸಿಕೊಳ್ಳುತ್ತಿತ್ತು. ಇಷ್ಟು ಚಿಕ್ಕ ಮೈಯಲ್ಲಿ ಇಷ್ಟು ಉಪಾಯವೇ ಎಂದು ನೀಟಪ್ಪನಿಗೆ ಅದರ ಮೇಲೆ ನಿಜವಾದ ಗೌರವ ಹುಟ್ಟಿತು. ಕ್ಲಿಕ್ಕಿಸಿದ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತ. ಬಾಯಲ್ಲಿ ಇನ್ನೂ ಕಹಿಯಿತ್ತು, ತಲೆಯಲ್ಲಿ ಹುಳುವಿನ ಯೋಚನೆಯಿತ್ತು. ಕೈ ಮಾತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಫೋಟೋವನ್ನು ಹೆಂಡತಿಯ ಮೊಬೈಲಿಗೆ ಕಳಿಸಿದ. ಅವಳು ಒಗ್ಗರಣೆ ಸೀಯುವ ಅವಸರದಲ್ಲಿ ಕನ್ನಡಕವಿಲ್ಲದೆ ನೋಡಿ, "ಚೆನ್ನಾಗಿ ಬಂದಿದೆ" ಎಂದು, ಔಷಧಿಯ ವಿಷಯವನ್ನೂ ಮೊಸಳೆಗಳ ವಿಷಯವನ್ನೂ ಬರೆದು, ಮೇಡಂಗೆ ರವಾನಿಸಿದಳು.

ಭಾನುವಾರ ಬೆಳಿಗ್ಗೆ ಕಾರ್ಯದರ್ಶಿಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಔಷಧಿ ಹೊಡೆಯುವವನನ್ನು ಹಿಂದಿಟ್ಟುಕೊಂಡು ಮೆಟ್ಟಿಲು ಹತ್ತುತ್ತಿದ್ದಾಗಲೇ ಮೇಡಂ ಫೋನು ಬಂತು. ಎಲ್ಲರಿಗೂ ಕೇಳಲಿ ಎಂದು ಹೆಂಡತಿ ಸ್ಪೀಕರು ಹಾಕಿದಳು.

"ಆ ಕಪ್ಪು ಮೊಸಳೆ ಥರದ್ದಿದೆಯಲ್ಲ, ಅದು ಗುಲಗಂಜಿ ಹುಳುವಿನ ಮರೀನೇ ಅಮ್ಮ. ಅಪ್ಪ ಅಮ್ಮ ಮಕ್ಕಳು ಎಲ್ಲ ಸೇರಿ ಹೇನು ತಿನ್ನೋಕೇ ಬಂದಿರೋದು. ತುಂಬ ಉಪಕಾರಿ. ಆದರೆ ಫೋಟೋ ವಿಷಯ ನನಗೆ ಅರ್ಥ ಆಗ್ತಿಲ್ಲ. ಮುಖ ನೋಡಿದ್ರೆ ಎಲ್ಲ ಕಡೆ ಸಿಗೋ ಅಂಕುಡೊಂಕು ಗೆರೆಯ ಹುಳುವೇ. ಬೆನ್ನು ನೋಡಿದ್ರೆ ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಇಂಥದ್ದು ನಾನು ನೋಡಿಲ್ಲ. ಈಗ ಪರ ಊರಲ್ಲಿದ್ದೀನಿ, ಬಂದ ತಕ್ಷಣ ಬಂದು ನೋಡ್ತೀನಿ. ಅಲ್ಲಿವರೆಗೂ ಔಷಧಿ ಹೊಡೀಬೇಡಿ."

ಉಪಕಾರಿ ಎಂಬ ಮಾತು ಕಾರ್ಯದರ್ಶಿಗಳ ಕಿವಿಗೆ ಬೀಳಲಿಲ್ಲ. ನೋಡಿಲ್ಲ ಎಂಬ ಮಾತು ಬಿತ್ತು. ಅವರು ಮೂಗಿನ ಬಟ್ಟೆ ಬಿಚ್ಚಿದರು. "ಹಾಗಾದ್ರೆ ಹೊಸ ಪ್ರಭೇದ. ನಮ್ಮ ಕಟ್ಟಡದಲ್ಲಿ" ಎಂದರು. ಔಷಧಿ ಹೊಡೆಯುವವನ ಕಡೆ ತಿರುಗಿ, "ಏನಪ್ಪ ನೀನು, ಇಂಥ ಜಾಗಕ್ಕೆ ವಿಷ ತಗೊಂಡು ಬರ್ತಾರಾ?" ಎಂದು ಅವನನ್ನೇ ಗದರಿಸಿ ಕಳಿಸಿದರು.

ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಈ ಮಾತು ಕೇಳುತ್ತಲೇ ನೀಟಪ್ಪ ತನ್ನ ಬಲಗೈಯನ್ನು ನೋಡಿಕೊಂಡ. ಅದು ಏನೂ ಅರಿಯದಂತೆ ತೊಡೆಯ ಮೇಲೆ ಮಲಗಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಹೆಂಡತಿ ಅವನ ತೋಳು ಹಿಡಿದುಕೊಂಡು, "ನಿಮ್ಮ ಫೋಟೋದಿಂದ ನನ್ನ ಬಳ್ಳಿ ಉಳೀತು ರೀ" ಎಂದಳು. ಮದುವೆಯಾದಾಗಿನಿಂದ ಅವನ ಫೋಟೋ ಬಗ್ಗೆ ಅವಳ ಬಾಯಲ್ಲಿ ಬಂದ ಮೊದಲ ಒಳ್ಳೆಯ ಮಾತು ಅದು. ನೀಟಪ್ಪ ಬಾಯಿ ಮುಚ್ಚಿಕೊಂಡ. ನಿಜ ಹೇಳಿಬಿಡೋಣವೆಂದರೆ ಔಷಧಿಯವನು ಇನ್ನೂ ಗೇಟು ದಾಟಿರಲಿಲ್ಲ, ಕಾರ್ಯದರ್ಶಿಗಳು ಕೂಗಿದರೆ ಕೇಳುವಷ್ಟು ದೂರದಲ್ಲೇ ಇದ್ದ.

ಅಲ್ಲಿಂದ ಶುರುವಾಯಿತು ನೋಡಿ ಪೀಕಲಾಟ. ಮೆಟ್ಟಿಲ ಬುಡದಲ್ಲಿ ಸೂಚನಾಪತ್ರ ಬಿತ್ತು: ಅಪರೂಪದ ಕೀಟ ವಾಸವಾಗಿದೆ, ತಾರಸಿಯಲ್ಲಿ ಕೆಮ್ಮಬಾರದು, ಬಟ್ಟೆ ಕೊಡವಬಾರದು. ಕೆಳಗಿನ ಮನೆಯ ಟೈಲರಮ್ಮ ಅದನ್ನು ಓದಿ ಕಾರ್ಯದರ್ಶಿಗಳ ಮುಂದೆ ಮೂಗು ಮುರಿದಳು. "ಆ ಹುಳ ಮೊದಲು ಕೂತಿದ್ದು ನನ್ನ ಕಿಟಕಿ ಮೇಲೆ. ಇವರ ಮನೆಗೆ ಆಮೇಲೆ ಹೋಗಿದ್ದು. ಮೊದಲು ಯಾರ ಮನೇಲಿತ್ತು ಅಂತ ಪತ್ರಿಕೆಯವರು ಕೇಳಿದ್ರೆ ನಾನು ಸುಳ್ಳು ಹೇಳೋಕಾಗಲ್ಲ ಸಾರ್."

ಹೆಂಡತಿಯ ಅಣ್ಣ ದೂರದೂರಿಂದ ಫೋನು ಮಾಡಿದ. "ಭಾವ, ಹುಳಕ್ಕೆ ನಮ್ಮಪ್ಪನ ಹೆಸರೇ ಇಡಿಸ್ಬೇಕು. ನೀವು ಮೇಡಂಗೆ ಹೇಳಿ. ಅಪ್ಪನ ಆತ್ಮಕ್ಕೆ ಶಾಂತಿ ಸಿಗುತ್ತೆ."

ಹೆಂಡತಿ ಫೋನು ಕಿತ್ತುಕೊಂಡಳು. "ಅಣ್ಣ, ಅಪ್ಪ ಹುಳ ಕಂಡ್ರೆ ಚಪ್ಪಲಿ ಹುಡುಕ್ತಿದ್ರು. ಶಾಂತಿ ಹಾಳಾಗುತ್ತೆ, ಸುಮ್ನಿರು."

ಕಾರ್ಯದರ್ಶಿಗಳಂತೂ ಮಡಚುವ ಕುರ್ಚಿ ಹಾಕಿಕೊಂಡು ತಾರಸಿಯಲ್ಲೇ ಬಿಡಾರ ಹೂಡಿದರು. ಕೈಯಲ್ಲಿ ಭೂತಕನ್ನಡಿ. ಗೆರೆಯಿರುವ ಹುಳು ಎದುರಾದರೆ "ಇದು ಮಾಮೂಲಿ, ಇದು ಮಾಮೂಲಿ" ಎಂದು ಕೈಬೀಸುತ್ತಿದ್ದರು. ಅವರು ಕಂಡದ್ದೆಲ್ಲ ಮಾಮೂಲಿಯೇ ಆಗಿತ್ತು.

"ನೀಟಪ್ಪನೋರೇ, ಆ ಇನ್ನೊಂದು ಎಲ್ಲಿ? ಗೆರೆ ಇಲ್ಲದ್ದು?"

"ಅದಕ್ಕೆ ನಾಚಿಕೆ ಜಾಸ್ತಿ ಸಾರ್. ಜನ ಕಂಡ್ರೆ ಬರಲ್ಲ."

"ನಿಮ್ಮ ಮುಂದೆ ಮಾತ್ರ ಅಷ್ಟು ನೇರವಾಗಿ ಕೂತು ಫೋಟೋ ತೆಗೆಸ್ಕೊಂಡಿದೆ?"

"ಗುರುತಿನ ಚೀಟಿಗೆ ಅಂದೆ ಸಾರ್. ಕೂತ್ಕೊಂಡ್ತು."

ಒಂದು ಸುಳ್ಳಿಗೆ ಕಾವಲು ಕಾಯಲು ನೀಟಪ್ಪನೂ ದಿನಾ ಬೆಳಿಗ್ಗೆ ತಾರಸಿಗೆ ಹೋಗಬೇಕಾಯಿತು. ಮೊದಲು ಭಯದಿಂದ ಹೋದ. ಆಮೇಲೆ, ಹೇಳಲು ನಾಚಿಕೆಯಾಗುವಂಥ ಆಸೆಯಿಂದ ಹೋದ. ಎಷ್ಟೋ ಸಾವಿರ ಮುಖ ನೋಡಿದ ಆ ಕಣ್ಣು ಇಂಥ ಶ್ರದ್ಧೆಯ ಕೆಲಸಗಾರರನ್ನು ನೋಡಿರಲಿಲ್ಲ. ಮೊಸಳೆಮರಿ ಒಂದು ಹೇನನ್ನು ಹಿಡಿದರೆ ಅದರ ರಸವನ್ನೆಲ್ಲ ಹೀರಿ ಚರ್ಮ ಬಿಸಾಡಿ ಮುಂದಿನದಕ್ಕೆ ಹೋಗುತ್ತಿತ್ತು. ನಡುವೆ ಉಸಿರು ತೆಗೆದುಕೊಳ್ಳುತ್ತದೋ ಇಲ್ಲವೋ. ಸಿಹಿಯ ಆಸೆಗೆ ಹೇನನ್ನು ಕಾಯುವ ಇರುವೆಗಳು ಬಂದು ಕಾಲು ಕಚ್ಚಿ ಎಳೆದರೂ, ಮೈ ಕೊಡವಿಕೊಂಡು ಮತ್ತೆ ಊಟಕ್ಕೆ ಕೂರುತ್ತಿತ್ತು. ಎಲೆಯ ಅಡಿಯಲ್ಲಿ ತಾಯಿ ಹುಳು ಹಳದಿ ಮೊಟ್ಟೆಗಳನ್ನು ನೆಟ್ಟಗೆ, ಒತ್ತೊತ್ತಾಗಿ ನಿಲ್ಲಿಸಿ ಇಟ್ಟದ್ದನ್ನು ನೋಡಿ, "ಶಾಲೆ ಗ್ರೂಪ್ ಫೋಟೋಗೆ ನಿಲ್ಲಿಸೋಕೆ ನನಗೇ ಹೀಗೆ ಬರಲ್ಲ ಕಣೇ" ಎಂದು ಹೆಂಡತಿಗೆ ಹೇಳಿದ. ಹೇನಿನ ಪಕ್ಕದಲ್ಲೇ ಇಟ್ಟಿದ್ದಾಳೆ, ಮಕ್ಕಳು ಕಣ್ಣು ಬಿಟ್ಟ ಕೂಡಲೇ ಊಟ ಎದುರಿಗೇ ಇರಲಿ ಎಂದು. ನೀಟಪ್ಪ ಎಲೆಯನ್ನು ಮೆಲ್ಲಗೆ ಮೊದಲಿನಂತೆಯೇ ತಿರುಗಿಸಿಟ್ಟ.

ಒಂದು ಬೆಳಿಗ್ಗೆ ಮೊಸಳೆಗಳೆಲ್ಲ ಅಲ್ಲಲ್ಲೇ ಬಾಲ ಅಂಟಿಸಿಕೊಂಡು, ಗೂನು ಬೆನ್ನು ಮಾಡಿಕೊಂಡು ಸ್ತಬ್ಧವಾಗಿದ್ದವು. ನೀಟಪ್ಪ ತಲೆಯ ಮೇಲೆ ಕೈಹೊತ್ತು ಕೂತ.

"ಎಲ್ಲ ಹೋದ್ವು ಕಣೇ. ತಿಂದಿದ್ದು ಜಾಸ್ತಿ ಆಯ್ತೇನೋ."

ಹೆಂಡತಿ ಬಂದು ಒಂದನ್ನು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಳು. ಅದು ಅಂಟಿಕೊಂಡಲ್ಲೇ ಥಟ್ಟನೆ ಎದ್ದು ಕೂತು, ಮತ್ತೆ ಮಲಗಿತು. "ಸತ್ತೋರು ಹೀಗೆ ಎದ್ದು ಕೂರ್ತಾರಾ? ಒಳಗೆ ಏನೋ ಕೆಲಸ ನಡೀತಿದೆ. ಬನ್ನಿ, ತೊಂದರೆ ಕೊಡ್ಬೇಡಿ."

ಆ ಹೊತ್ತಿಗೆ ಬಳ್ಳಿಯ ಕುಡಿಗಳಲ್ಲಿ ಹುಡುಕಿದರೂ ಹೇನು ಸಿಗುತ್ತಿರಲಿಲ್ಲ. ಕಾಯಿ ಇಳಿಬಿದ್ದಿತ್ತು. ಆದರೆ ಅದನ್ನು ಯಾರೂ ಗಮನಿಸಲಿಲ್ಲ, ಎಲ್ಲರೂ ಹೊಸ ಪ್ರಭೇದವನ್ನು ಹುಡುಕುವುದರಲ್ಲಿ ಮುಳುಗಿದ್ದರು.

ಕೊನೆಗೂ ಮೇಡಂ ಬರುವ ಬೆಳಿಗ್ಗೆ ಬಂತು. ನೀಟಪ್ಪ ಕಾಫಿ ಲೋಟವನ್ನು ಮುಟ್ಟದೆ ಹೆಂಡತಿಯ ಮುಂದೆ ನಿಂತ.

"ಗೆರೆ ಇತ್ತು ಕಣೇ. ನಾನೇ ಒರೆಸಿದ್ದು. ಬೇಕೂಂತ ಅಲ್ಲ, ಕೈ ಹೋಗ್ಬಿಡ್ತು."

ಹೆಂಡತಿ ಅವನನ್ನು ನೋಡಿದಳು. ಆಮೇಲೆ ಗೋಡೆಯ ಮೇಲಿನ ಫೋಟೋ ನೋಡಿದಳು. ತನಗೆ ಗೊತ್ತಿಲ್ಲದೆ ಅವಳ ಬೆರಳು ಎಡಗೆನ್ನೆಗೆ ಹೋಯಿತು.

"ಹುಳಾನೂ ಬಿಡ್ಲಿಲ್ವಾ ನೀವು" ಎಂದಳು. ಬೈದಿದ್ದರೆ ನೀಟಪ್ಪ ತಡೆದುಕೊಳ್ಳುತ್ತಿದ್ದ. ಅವಳು ಅಷ್ಟು ಮೆಲ್ಲಗೆ ಹೇಳಿದ್ದು ಅವನಿಗೆ ಬಹಳ ನೋವಾಯಿತು. "ನಾನೇ ಎಲ್ಲರ ಮುಂದೆ ಹೇಳ್ತೀನಿ" ಎಂದ. "ಹೇಳಿದ್ರೆ ಇವತ್ತೇ ಔಷಧಿ ತರಿಸ್ತಾರೆ. ಇಷ್ಟೊಂದು ಕೂಸುಗಳು ಎಲೆಗೆ ಅಂಟಿಕೊಂಡು ಮಲಗಿವೆ, ಓಡೋಕೂ ಆಗಲ್ಲ ಅವಕ್ಕೆ" ಎಂದಳು ಅವಳು. ಇಬ್ಬರೂ ಮೆಟ್ಟಿಲು ಹತ್ತಿದರು.

ತಾರಸಿಯಲ್ಲಿ ಕಟ್ಟಡಕ್ಕೆ ಕಟ್ಟಡವೇ ನೆರೆದಿತ್ತು. ಹುಳದ ಮೇಡಂ ಸಣ್ಣ ಆಳು, ದೊಡ್ಡ ಟೋಪಿ. ಬಂದವರೇ ಯಾರನ್ನೂ ಮಾತಾಡಿಸದೆ ಬಳ್ಳಿಯನ್ನು ಮಾತಾಡಿಸಲು ಹೋದರು. ಎಲೆ ಎಲೆ ತಿರುಗಿಸಿ "ಅಬ್ಬ, ಎಷ್ಟು ಚೆನ್ನಾಗಿ ಕ್ಲೀನ್ ಮಾಡಿವೆ" ಎಂದರು. ಕಾರ್ಯದರ್ಶಿಗಳು ಕೆಮ್ಮಿ, ಕೆಮ್ಮಬಾರದೆಂಬುದು ನೆನಪಾಗಿ ನಾಲಿಗೆ ಕಚ್ಚಿಕೊಂಡು, "ಮೇಡಂ, ಮಾಮೂಲಿ ಹುಳ ಬೇಡ. ಆ ಇನ್ನೊಂದನ್ನು ನೀಟಪ್ಪನೋರು ತೋರಿಸ್ತಾರೆ" ಎಂದರು. ಎಲ್ಲರ ಕಣ್ಣೂ ನೀಟಪ್ಪನ ಮೇಲೆ ಬಿತ್ತು.

ನೀಟಪ್ಪ, "ಮೇಡಂ, ಅದು ಏನಾಯ್ತು ಅಂದ್ರೆ" ಎಂದು ಶುರುಮಾಡಿದ.

"ಇಲ್ಲಿ ನೋಡಿ" ಎಂದಳು ಹೆಂಡತಿ.

ಅವಳ ಕಣ್ಣೆದುರಿನ ಎಲೆಯ ಮೇಲೆ ಗೂನುಬೆನ್ನಿನ ಒಂದು ಗೂಡು ಸೀಳಿತ್ತು. ಒಳಗಿಂದ ಒಂದು ಪುಟ್ಟ ತಲೆ, ಆಮೇಲೆ ಕಾಲು, ಆಮೇಲೆ ಪೂರ್ತಿ ಮೈ. ಹುಳು ಈಚೆಗೆ ಬಂದು ತನ್ನದೇ ಖಾಲಿ ಗೂಡಿನ ಮೇಲೆ ಹತ್ತಿ ನಿಂತಿತು. ಬೆಣ್ಣೆಯ ಬಣ್ಣ. ನುಣುಪು. ಬೆನ್ನಿನ ಮೇಲೆ ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ.

ಟೈಲರಮ್ಮ ಕೈಮುಗಿದಳು. ಎಲ್ಲರಿಗಿಂತ ಹೆಚ್ಚು ಬೆಪ್ಪಾದವನು ನೀಟಪ್ಪ. ತಾನು ಹೇಳಿದ ಸುಳ್ಳು ಕಾಲು ಮೂಡಿಸಿಕೊಂಡು ಎದುರಿಗೆ ನಡೆದುಬಂದರೆ ಯಾರು ತಾನೇ ಬೆಪ್ಪಾಗುವುದಿಲ್ಲ? ಕಾರ್ಯದರ್ಶಿಗಳು ಜೇಬಿನಿಂದ ಭಾಷಣದ ಹಾಳೆ ತೆಗೆದು, "ಇಂದು ನಮ್ಮ ಕಟ್ಟಡದ ಪಾಲಿಗೆ" ಎಂದು ಆರಂಭಿಸಿದರು.

ಮೇಡಂ ಮಾತ್ರ ಒಂದು ಕುರ್ಚಿ ಎಳೆದುಕೊಂಡು ಕೂತರು. "ಅವಸರ ಬೇಡ ಸಾರ್. ಎಲ್ಲರಿಗೂ ಇನ್ನೊಂದು ಸುತ್ತು ಕಾಫಿ ಆಗ್ಲಿ. ಸ್ವಲ್ಪ ಹೊತ್ತು ನೋಡೋಣ."

ಕಾಫಿ ಬಂತು. ಭಾಷಣ ಮುಗಿದು, ಅದರಲ್ಲಿ ಬಿಟ್ಟುಹೋದದ್ದನ್ನು ಕಾರ್ಯದರ್ಶಿಗಳು ಮತ್ತೊಮ್ಮೆ ಹೇಳಿದರು. ಹುಳು ಮುದುಡಿದ್ದ ರೆಕ್ಕೆಯನ್ನು ಚಾಚಿ ಒಣಗಿಸಿಕೊಂಡು ಮತ್ತೆ ಒಳಗಿಟ್ಟುಕೊಂಡಿತು. ಬಿಸಿಲು ಏರಿತು. ಆಗ ಹಿಂದುಗಡೆಯ ತುದಿಯಲ್ಲಿ ಹೊಗೆಯಂಥ ನೆರಳೊಂದು ಕಂಡಿತು. ನೋಡುತ್ತ ನೋಡುತ್ತ ಅದು ಚುಕ್ಕೆಯಾಯಿತು. ಅದರ ಮುಂದೆ, ಯಾರೋ ಒಳಗಿಂದ ಬರೆಯುತ್ತಿದ್ದಾರೋ ಎಂಬಂತೆ, ಅಂಕುಡೊಂಕಾದ ಗೆರೆಯೊಂದು ನಿಧಾನವಾಗಿ ಮೇಲೇಳತೊಡಗಿತು.

ಕಾರ್ಯದರ್ಶಿಗಳು ಗಾಬರಿಯಾದರು. "ಅಯ್ಯೋ, ಏನೋ ಮಸಿ ಅಂಟಿಕೊಳ್ತಾ ಇದೆ. ಎಲ್ಲ ಕೆಡುತ್ತೆ. ತಡೀರಿ, ಒರೆಸ್ತೀನಿ" ಎಂದು ಕರ್ಚೀಫಿನ ಮೂಲೆಯನ್ನು ಚೂಪುಮಾಡಿಕೊಂಡು ಮುಂದೆ ಬಂದರು.

ನೀಟಪ್ಪ ಅವರ ಮಣಿಕಟ್ಟು ಹಿಡಿದ.

"ಒರೆಸ್ಬೇಡಿ ಸಾರ್."

ತನ್ನ ಬಾಯಿಂದ ಈ ಮಾತು ಬಂದದ್ದು ಅವನಿಗೇ ಆಶ್ಚರ್ಯ. ಹಿಡಿದ ಕೈ ಬಿಡಲಿಲ್ಲ. "ಅದು ಮಸಿ ಅಲ್ಲ. ಅದು ಅದರದ್ದೇ. ಫೋಟೋದಲ್ಲೂ ಇತ್ತು. ನಾನೇ ಒರೆಸ್ಬಿಟ್ಟೆ, ಎಲ್ಲರ ಮುಖ ಒರೆಸೋ ಹಾಗೆ. ಹೊಸ ಪ್ರಭೇದ ಏನೂ ಇಲ್ಲ ಸಾರ್. ಇರೋದೆಲ್ಲ ಮಾಮೂಲಿನೇ. ಆದರೆ ಈ ಮಾಮೂಲಿ ಹುಳ ಎಂಥದ್ದು ಅಂತ ದಿನಾ ನಾನು ನೋಡಿದ್ದೀನಿ. ಬೈಯೋದಿದ್ರೆ ನನ್ನ ಬೈರಿ. ಇವಕ್ಕೆ ಔಷಧಿ ಹೊಡೀಬೇಡಿ."

ಕಾರ್ಯದರ್ಶಿಗಳ ಮುಖ ಬಣ್ಣ ಬಣ್ಣವಾಯಿತು. "ಮೇಡಂ, ನೀವೇ ಹೊಸದು ಅಂದ್ರಲ್ಲ."

"ನಾನು ನೋಡಿಲ್ಲ, ನೋಡ್ಬೇಕು ಅಂದೆ. ಹೊಸದು ಅಂದೋರು ನೀವು" ಎಂದರು ಮೇಡಂ ಕಾಫಿ ಹೀರುತ್ತ. "ಗೂಡಿಂದ ಬಂದಾಗ ಎಲ್ಲವೂ ಹೀಗೇ ಬಿಳಿಚಿಕೊಂಡಿರುತ್ತೆ. ಮೈ ಗಟ್ಟಿಯಾಗ್ತಾ ಗೆರೆ ಮೂಡುತ್ತೆ. ಫೋನಿಟ್ಟ ಮೇಲೆ, ಬಹುಶಃ ಆಗಷ್ಟೇ ಗೂಡಿಂದ ಬಂದದ್ದನ್ನೇ ಹಿಡಿದಿರ್ಬೇಕು ಅಂದ್ಕೊಂಡೆ. ತಿದ್ದಿರ್ತಾರೆ ಅಂತ ಮಾತ್ರ ಹೊಳೀಲಿಲ್ಲ. ಈ ಬಣ್ಣ, ಈ ಗೆರೆ ಯಾಕೆ ಗೊತ್ತಾ? ನಾನು ಕಹಿ, ಬಾಯಿಗೆ ಹಾಕ್ಬೇಡ ಅಂತ ಹಕ್ಕಿಗೆ ಹೇಳೋಕೆ."

"ಕಹಿ ಇರೋದು ನಿಜ ಮೇಡಂ" ಎಂದ ನೀಟಪ್ಪ, ತಡೆಯಲಾಗದೆ.

ಮೇಡಂ ನಕ್ಕರು. ಆಮೇಲೆ ಕಾರ್ಯದರ್ಶಿಗಳ ಭೂತಕನ್ನಡಿ ಕೇಳಿ ಇಸಿದುಕೊಂಡು, ಎಲೆಗಳನ್ನೊಮ್ಮೆ ನೋಡಿ, ಅದನ್ನು ಅವರಿಗೇ ಹಿಂದಿರುಗಿಸಿ, "ಈಗ ನೀವೇ ನೋಡಿ. ಔಷಧಿ ಯಾವುದಕ್ಕೆ ಹೊಡೀತೀರಿ? ಒಂದು ಹೇನು ತೋರಿಸಿ" ಎಂದರು. ಕಾರ್ಯದರ್ಶಿಗಳು ಬಳ್ಳಿಯ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ಹುಡುಕಿದರು. ಕಾಯಿ ಕಂಡವು, ಹೂ ಕಂಡವು. ಸಂಜೆ ಹೊಸ ಸೂಚನಾಪತ್ರ ಬಿತ್ತು: ಮಾಮೂಲಿ ಕೀಟಗಳು ವಾಸವಾಗಿವೆ, ಗೌರವದಿಂದ ನಡೆದುಕೊಳ್ಳಿ. ಟೈಲರಮ್ಮ ಅದರ ಕೆಳಗೆ "ಮೊದಲು ನಮ್ಮ ಕಿಟಕಿಯಲ್ಲಿ" ಎಂದು ಪೆನ್ಸಿಲಿನಲ್ಲಿ ಸೇರಿಸಿದಳು.

ಮಾರನೆಯ ದಿನ ನೀಟಪ್ಪ ಅಂಗಡಿಯ ಬಾಗಿಲು ಅರ್ಧ ಎಳೆದು ಹೆಂಡತಿಯನ್ನು ಕುರ್ಚಿಯ ಮೇಲೆ ಕೂರಿಸಿದ. "ಮುಖ ನೇರ" ಎಂದೂ ಹೇಳಲಿಲ್ಲ. ಕ್ಲಿಕ್ಕಿಸಿದ. ಕಂಪ್ಯೂಟರಿನ ಮುಂದೆ ಕೂತಾಗ ಬಲಗೈ ಹಳೆಯ ದಾರಿ ಹಿಡಿದು ಎಡಗೆನ್ನೆಯತ್ತ ಹೊರಟಿತು. ನೀಟಪ್ಪ ಅದನ್ನು ತೊಡೆಯ ಕೆಳಗೆ ಹಾಕಿಕೊಂಡು, ಅದರ ಮೇಲೆ ಕೂತು, ಎಡಗೈಯಲ್ಲಿ ಪ್ರಿಂಟ್ ಒತ್ತಿದ.

ನಡುಮನೆಯ ಗೋಡೆಯಿಂದ ಮೊದಲನೇ ಹೆಂಡತಿ ಇಳಿದಳು. ಅವಳಿದ್ದ ಮೊಳೆಗೇ ಹೊಸ ಫೋಟೋ ಏರಿತು. ಹೆಂಡತಿ ಸೆರಗಿನಿಂದ ಗಾಜು ಒರೆಸಿ, ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡುತ್ತ ನಿಂತಳು. ಮಚ್ಚೆ ಇದ್ದ ಕಡೆ ಮಚ್ಚೆ ಇತ್ತು. ಅವಳ ಕಣ್ಣಂಚು ಒದ್ದೆಯಾಗಿತ್ತು. ನೀಟಪ್ಪ ಪರೀಕ್ಷೆ ಬರೆದವನಂತೆ ಹಿಂದೆ ಕಾದ.

"ಎಲ್ಲ ಸರಿ ರೀ" ಎಂದಳು ಕೊನೆಗೆ. "ಈ ಕಣ್ಣ ಕೆಳಗಿನ ಸುಕ್ಕು ಮಾತ್ರ ಒಂದು ಚೂರು ತೆಗೀಬಹುದಿತ್ತೇನೋ."

"ಆಗಲ್ಲ ಕಣೇ" ಎಂದ ನೀಟಪ್ಪ ಗಂಭೀರವಾಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. "ಆಮೇಲೆ ಹೊಸ ಪ್ರಭೇದ ಅಂದ್ಕೊಂಡು ಕಾರ್ಯದರ್ಶಿಗಳು ಕುರ್ಚಿ ಹಾಕ್ಕೊಂಡು ಇಲ್ಲೇ ಕೂತ್ಬಿಡ್ತಾರೆ."